ಟೈಲ್ಸ್ ಚೂರಿನ ರಂಗೋಲಿ

ನಮ್ಮತ್ತೆಯ ಮಂಡಿ ಸವೆದಿದೆ, ಬಗ್ಗಲೇಬಾರದು ಅಂತ ಡಾಕ್ಟರು ಹೇಳಿದ್ದಾರೆ. ಆದರೂ ದಿನಾ ಬೆಳಗ್ಗೆ ಬಾಗಿಲಿಗೆ ಸಗಣಿ ನೀರು ಹಾಕಿ, ಬಗ್ಗಿ ರಂಗೋಲಿ ಬಿಟ್ಟು, ಆಮೇಲೆ ಏಳಲಾಗದೆ ಗೋಡೆ ಹಿಡಿದು ನನ್ನನ್ನು ಕೂಗುತ್ತಾರೆ. ನಾನೇ ಬಿಡುತ್ತೇನೆ ಅಂದರೆ ಅವರು ಮೂಗೂರಿನ ತವರಿನಲ್ಲಿ ಕಲಿತ ಗೆರೆ ನನಗೆ ಬರುವುದಿಲ್ಲವಂತೆ. ಹೋದ ವರ್ಷ ಒದ್ದೆ ನೆಲದಲ್ಲಿ ಜಾರಿ ಬಿದ್ದರು. ಇನ್ನೊಮ್ಮೆ ಬಿದ್ದರೆ ಹಾಸಿಗೆಯೇ ಗತಿ ಅನ್ನುವುದು ಅವರೊಬ್ಬರನ್ನು ಬಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತು.

ನಾನು ಟಿ. ನರಸೀಪುರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರು, ನಂಜನಗೂಡಿನಿಂದ ದಿನಾ ಬಸ್ಸು. ಮಕ್ಕಳಿಗೆ ಚೂರು ಜೋಡಿಸಿ ಚಿತ್ರ ಮಾಡುವ ಮೊಸಾಯಿಕ್ ಹೇಳಿಕೊಡುವಾಗ ಹೊಳೆಯಿತು, ಬಾಗಿಲ ಮುಂದೆ ಅಳಿಯದ ರಂಗೋಲಿಯೊಂದನ್ನು ಕೂರಿಸಿಬಿಟ್ಟರೆ ಅತ್ತೆ ಬಗ್ಗುವ ಮಾತೆಲ್ಲಿ ಬಂತು?

ಟೈಲ್ಸ್ ಅಂಗಡಿಯ ಹಿಂದೆ ಬಿದ್ದಿದ್ದ ಒಡಕು ಚೂರುಗಳನ್ನು ಚೀಲ ತುಂಬಿ ತಂದೆ. ಅದನ್ನು ಕಂಡದ್ದೇ ತಡ, ಅತ್ತೆ ಶುರು ಮಾಡಿದರು. "ಒಡ್ದಿರೋದ್ನ ಯಾರಾದ್ರೂ ಬಾಗ್ಲಲ್ಲಿ ಮಡಗ್ತಾರಾ, ಪೀಡೆ ಕಣವ್ವ." ನಾನು ಶಾಲೆಗೆ ಹೋಗಿ ಬಂದು ನೋಡುವಷ್ಟರಲ್ಲಿ ಚೀಲ ಇರಲಿಲ್ಲ; ತಿಪ್ಪೆಗೆ ಎಸೆದಿದ್ದರೆ ಹೆಕ್ಕಿ ತರಬಹುದಿತ್ತು, ಅವರು ಅದನ್ನು ಕಸದ ಗಾಡಿಗೇ ಹಾಕಿಬಿಟ್ಟಿದ್ದರು. ಮತ್ತೆ ಹೋಗಿ ತಂದೆ. ಇಕ್ಕಳದಲ್ಲಿ ಒಂದೊಂದನ್ನೂ ಉಗುರಿನಷ್ಟಕ್ಕೆ ಕತ್ತರಿಸಿ, ದಪ್ಪ ಕಾಗದದ ಮೇಲೆ ರಂಗೋಲಿ ಬರೆದು, ಮೈದಾ ಅಂಟಿನಿಂದ ಚೂರುಗಳನ್ನು ಬೋರಲಾಗಿ ಅಂಟಿಸಿದೆ. ಬೆರಳೆಲ್ಲ ಗೀರು. ಆಮೇಲೆ ಹಸಿ ಸಿಮೆಂಟಿನ ಮೇಲೆ ಕಾಗದವನ್ನು ತಿರುಗಿಸಿ ಒತ್ತಿ, ಗಟ್ಟಿಯಾದ ಮೇಲೆ ಕಾಗದ ನೆನೆಸಿ ಸುಲಿದು, ಸಂದಿಗಳಿಗೆ ಬಿಳಿ ಸಿಮೆಂಟ್ ತುಂಬಿದೆ. ಒಣಗುವವರೆಗೆ ಯಾರೂ ಮುಟ್ಟಬೇಡಿ ಅಂತ ಮನೆಯವರಿಗೆಲ್ಲ ಹೇಳಿ ಮಲಗಿದೆ.

ಬೆಳಗ್ಗೆ ಎದ್ದರೆ, ಹಸಿ ಸಿಮೆಂಟಿನ ಮೇಲೆ ಒಂದು ಬಕೆಟ್ ಸಗಣಿ ನೀರು. ಬಿಳಿ ಸಂದಿಯೆಲ್ಲ ಹಸಿರು. ಅದರ ಮೇಲೆ ಅಂದವಾದ ಪುಡಿ ರಂಗೋಲಿ. ಗೋಡೆ ಹಿಡಿದು ನಿಂತಿದ್ದ ಅತ್ತೆಯನ್ನು ಯಾಕೆ ಹೀಗೆ ಮಾಡಿದಿರಿ ಅಂದೆ.

"ಅದು ನೆನ್ನೆದಲ್ವಾ? ಇವತ್ತಿಂದು ಬ್ಯಾಡ್ವಾ?"

ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ನನ್ನ ಕೆಲಸ. ಉಜ್ಜಿ ಉಜ್ಜಿ ಸಾಕಾದೆ, ಹಸಿರು ಹೋಗಲಿಲ್ಲ. ಅಂದಿನಿಂದ ಅವರು ಪುಡಿ ಬಿಡುತ್ತಾ ಬಂದರು, ನಾನು ಬೈಯುತ್ತಾ ಬಂದೆ.

ಕಳೆದ ತಿಂಗಳು ಅತ್ತೆ ಜ್ವರ ಬಂದು ಮಲಗಿದರು. ಸದ್ಯ, ಈಗಲಾದರೂ ನನ್ನ ಮೊಸಾಯಿಕ್ ಉಪಯೋಗಕ್ಕೆ ಬಂತು ಎಂದುಕೊಂಡು ನಾನು ಬಾಗಿಲಿಗೆ ಏನೂ ಹಾಕಲಿಲ್ಲ. ಮಾರನೆಯ ದಿನ ಎದುರುಮನೆಯಾಕೆ ಗೇಟಿನ ಹತ್ತಿರ ಬಂದು, ಬಾಯಿಗೆ ಸೆರಗು ಅಡ್ಡ ಹಿಡಿದು ಮೆಲ್ಲಗೆ ಕೇಳಿದರು, "ಯಾವೊತ್ನಲ್ಲಿ ಓದ್ರವ್ವ?"

"ಯಾರಕ್ಕ?"

"ನಿಮ್ಮತ್ತೆ. ಎರಡು ದಿನದಿಂದ ಬಾಗ್ಲಲ್ಲಿ ರಂಗೋಲಿ ಕಾಣ್ನಿಲ್ಲ."

ಸಾವಾದ ಮನೆಯ ಮುಂದೆ ರಂಗೋಲಿ ಇರುವುದಿಲ್ಲ, ನಿಜ. ಆದರೆ ಕಾಲ ಕೆಳಗೇ ಅಷ್ಟಗಲ ಇದೆಯಲ್ಲ ಅಂತ ತೋರಿಸಿದೆ. "ಅದು ಯಾವಾಗ್ಲೂ ಇರೋದು ಕಣವ್ವ, ಅದ್ರಿಂದ ಏನ್ ಗೊತ್ತಾದದು?" ಅಂದರು.

ಉರಿದುಕೊಂಡು ಒಳಗೆ ಬಂದೆ. ಅತ್ತೆಗೆ ಎಲ್ಲ ಕೇಳಿಸಿತ್ತು. ಬೇಜಾರಾಗಿದ್ದಂತೆ ಕಾಣಲಿಲ್ಲ.

"ಅವ್ಳು ಕೇಳಿದ್ರಲ್ಲಿ ತಪ್ಪೇನವ್ವ? ಸರಿ, ನಾನು ಸತ್ತೋದ ದಿನ ಅದ್ನ ಎಂಗ್ ಅಳಿಸ್ತೀಯೆ?"

ಇವರ ಮಂಡಿ ಉಳಿಯಲಿ ಅಂತ ನಾನು ಒದ್ದಾಡಿದರೆ ಇವರಿಗೆ ಆ ದಿನದ ಚಿಂತೆ. ಸಿಟ್ಟು ನೆತ್ತಿಗೇರಿತು. ಪುಡಿಯ ಡಬ್ಬಿ ತೆಗೆದುಕೊಂಡು ಹೊರಗೆ ಹೋಗಿ, ಸುಡುಬಿಸಿಲಿನಲ್ಲಿ ಬಗ್ಗಿ, ಟೈಲ್ಸಿನ ಮೇಲೆಯೇ ರಂಗೋಲಿ ಬಿಟ್ಟೆ. ಅತ್ತೆ ಬದುಕಿದ್ದಾರೆಂದು ಬೀದಿಗೆ ಗೊತ್ತಾಗಬೇಕಿತ್ತು.