ಬಾವಿಯ ನಂಟು

ನಮ್ಮ ಚಿಗವ್ವನ ಅಡುಗೆಮನೆಯಲ್ಲಿ ಡಬ್ಬಿಯ ಮೇಲೆ ಬರೆದದ್ದಕ್ಕೂ ಒಳಗಿರುವುದಕ್ಕೂ ಸಂಬಂಧವಿಲ್ಲ; ನಿಮ್ಮ ಮನೆಯಲ್ಲೂ ಹೀಗೆಯೇ ಇರಬಹುದು. ಹಾಲಿನಪುಡಿಯ ಡಬ್ಬಿಯಲ್ಲಿ ಸಾಸಿವೆ, ಬಿಸ್ಕತ್ತಿನ ಡಬ್ಬಿಯಲ್ಲಿ ಕಡಲೆ. ಅವಳು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿ ಒಳಗೇನಿದೆಯೆಂದು ಹೇಳುತ್ತಾಳೆ. ಓದಿದವನೆಂಬ ಜಂಬದಲ್ಲಿ ನಾನೂ ಅಲ್ಲಾಡಿಸಿ, ಸಾಸಿವೆಯೆಂದು ನವಣೆಯನ್ನು ಒಗ್ಗರಣೆಗೆ ಹಾಕಿದ್ದುಂಟು.

ಜಮಖಂಡಿಯ ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಇದೇ ವಿದ್ಯೆಯನ್ನು ಕಂಪ್ಯೂಟರಿಗೆ ಕಲಿಸಿದರು. ಒಂದಷ್ಟು ಪದಗಳನ್ನೂ ಯಾವ ಪದಕ್ಕೆ ಯಾವುದರ ನಂಟೆಂಬುದನ್ನೂ ಜಾಲದಂತೆ ಹೆಣೆದು ಕೊಟ್ಟರೆ, ಅದು ಯಾವ ವಿಷಯಕ್ಕೆ ಸೇರಿದ್ದೆಂದು ಯಂತ್ರ ತಾನೇ ಗುರುತಿಸಿ, ಗ್ರಂಥಾಲಯದ ಸಂಗ್ರಹದಲ್ಲಿ ಆ ಹೆಸರಿನಡಿ ಇಡುತ್ತದೆ. ಮಗ್ಗ, ಲಾಳಿ, ನೂಲು ಕೊಟ್ಟಾಗ ನೇಕಾರಿಕೆ ಎಂದಿತು. ನಾನು ನಮ್ಮ ಊರನ್ನು ಕೊಟ್ಟೆ. ಬೀಳಗಿ ಕಡೆಯ ಆ ಊರು ಹಿನ್ನೀರಿನಲ್ಲಿ ಮುಳುಗಿ ವರ್ಷಗಳಾಗಿವೆ. ಚಿಗವ್ವ ಪುನರ್ವಸತಿ ಕೇಂದ್ರದ ಮನೆಯಲ್ಲಿ ಕೂತು ಎರಡು ಭಾನುವಾರ ಊರಿನ ವಿಷಯ ಹೇಳಿದ್ದಳು, ನಾನು ಬರೆದುಕೊಂಡಿದ್ದೆ. ಊರು ಊರಾಗಿಯೇ ಎಲ್ಲಾದರೂ ಒಂದು ಕಡೆ ಉಳಿಯಲಿ ಎಂಬುದಷ್ಟೇ ಅವಳ ಆಸೆ.

ಯಂತ್ರ ಹೇಳಿತು: ನೀರಾವರಿ.

ಯಂತ್ರವನ್ನು ಬೈಯುವ ಮೊದಲು ನನ್ನ ಹಾಳೆಯನ್ನು ತೆಗೆದು ನೋಡಿದೆ. ಬಾವಿಯ ನಂಟು, ನೀರು. ಊರ ಅಗಸೆಬಾಗಿಲಿನ ನಂಟು, ನೀರು ಬಂದ ದಿನ. ಬೇವಿನ ಕಟ್ಟೆಯದು, ನೀರಿನ ಮಟ್ಟ. ಅವಳು ಹೇಳಿದ್ದರಲ್ಲಿ ಮುಳುಗಿದ್ದನ್ನಷ್ಟೇ ನಾನು ಹಿಡಿದಿಟ್ಟಿದ್ದೆ. ಅಣೆಕಟ್ಟು ಒಮ್ಮೆ ಮುಳುಗಿಸಿದ ಊರನ್ನು ದುಂಡಾದ ಅಕ್ಷರಗಳಲ್ಲಿ ಎರಡನೆಯ ಸಲ ಮುಳುಗಿಸಿದವನು ನಾನು.

ಮುಂದಿನ ಭಾನುವಾರ ಚಿಗವ್ವನ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ.

"ಬಾವಿ ನೀರಿಂದು ಅಂತ ಯಾಂವ ಹೇಳಿದ ನಿನಗ?" ಎಂದಳು. "ಅದು ಗಂಗವ್ವಂದು. ಆಕಿ ಹಗ್ಗ ತರೂತನಾ ಓಣ್ಯಾಗ ಒಬ್ಬರ ಕೊಡಾನೂ ತುಂಬತಿರಲಿಲ್ಲ."

"ಮತ್ತ ಬೇವಿನ ಕಟ್ಟಿ?"

"ನಿಮ್ಮ ಕಾಕಾಂದು. ಊಟ ಆತಂದ್ರ ಅಲ್ಲೇ ಗೊರಕಿ. ಬರಕೋಲೇ, ಗೊರಕಿನೂ ಬರಕೋ. ಕಾಲೇಜಿನ್ಯಾಗ ಇದನ್ನ ಯಾರೂ ಕಲಸೂದಿಲ್ಲೇನು?"

ಎಲ್ಲವನ್ನೂ ಬರೆದುಕೊಂಡು ಹೋಗಿ ಕೊಟ್ಟೆ. ಯಂತ್ರ ಈ ಸಲ "ವಿಷಯ ತಿಳಿಯದು" ಎಂದಿತು. ಹೆಸರಿಲ್ಲದ ಜಾಲಕ್ಕೆ ಸಂಗ್ರಹದಲ್ಲಿ ಜಾಗವಿಲ್ಲ. ಇದನ್ನು ಅವಳಿಗೆ ಹೇಳಲು ನನಗೆ ಇನ್ನೊಂದು ವಾರ ಬೇಕಾಯಿತು.

"ನೀರಂತ ಅನ್ನಲಿಲ್ಲಲ್ಲ?" ಎಂದು ಕೇಳಿದಳು.

"ಇಲ್ಲ."

"ಹಂಗಾರ ಸಾಕು ಬಿಡು. ಆ ಹಾಳಿ ಇಲ್ಲೇ ಇಟ್ಟು ಹೋಗು."

ಹಾಳೆಗಳನ್ನು ಮಡಚಿ ಖಾಲಿಯಿದ್ದ ಚಹಾಪುಡಿಯ ಡಬ್ಬಿಯೊಳಗಿಟ್ಟು, ಮುಚ್ಚಳ ಒತ್ತಿ, ಸಾಸಿವೆಯ ಪಕ್ಕಕ್ಕೆ ಇಟ್ಟಳು. ಅವಳು ಹಿತ್ತಲಿಗೆ ಹೋದಾಗ ನಾನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಹಾಳೆಗಳು ಮೆಲ್ಲಗೆ ಸರಿದವು. ಒಳಗೇನಿದೆಯೆಂದು ಯಾರಾದರೂ ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳಲು ನನಗೂ ಬರುತ್ತಿರಲಿಲ್ಲ.