ಡ್ರಿಲ್ ಮಾಸ್ತರರ ಹಲಗೆ

ಹಲಗೆ ನಡುನೀರಿನಲ್ಲಿ ಮಗುಚಬಹುದಿತ್ತು. ಸುಳಿಗೆ ಸಿಗಬಹುದಿತ್ತು. ಧೋತರ ಕಾಲಿಗೆ ಸುತ್ತಿಕೊಳ್ಳಬಹುದಿತ್ತು, ಬಂಡೆಗೆ ತಲೆ ಬಡಿಯಬಹುದಿತ್ತು, ನೀರುಹಾವು ಕೂಡ ಬರಬಹುದಿತ್ತು. ಸೇಡಂನ ಕಾಗಿಣಾ ಹೊಳೆಯ ದಂಡೆಯಲ್ಲಿ ನಿಂತು ಇಷ್ಟನ್ನೂ ನಾನು ಒದರಿ ಹೇಳಿದೆ.

“ಏನಾಗಂಗಿಲ್ರಿ. ನೀರ ಅದ, ಬೆಂಕಿ ಏನಲ್ಲ,” ಅಂದರು ಬಾಜೂಮನೆಯ ಡ್ರಿಲ್ ಮಾಸ್ತರರು, ಎರಡು ಬೆರಳಲ್ಲಿ ಮೀಸೆ ಒರೆಸಿಕೊಳ್ಳುತ್ತ. ಎಲ್ಲದಕ್ಕೂ ಅವರದು ಅದೇ ಮಾತು.

ದೀಪಾವಳಿಯಿಂದ ದಿನಾ ಬೆಳಿಗ್ಗೆ ಇಬ್ಬರೂ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದೆವು. “ಬುರುಡಿ ಮಾಸ್ತರ ಬಂದ್ರವ್ವ, ದಾರಿ ಬಿಡ್ರಿ!” ಎಂದು ಅರಿವೆ ಒಗೆಯುವ ಹೆಂಗಸರು ನಗುತ್ತಿದ್ದರು. ಅದು ಮಾಸ್ತರರಿಗೆ ಚುಚ್ಚಿತ್ತು. ಅವತ್ತು ಬುರುಡೆ ಬಿಚ್ಚಿ ನನ್ನ ಕೊರಳಿಗೆ ಹಾಕಿದರು. ಎಲ್ಲಿಂದಲೋ ತಂದ ಹಲಗೆಯ ಮೇಲೆ ಎದೆ ಹಚ್ಚಿ ಸೆಳವಿಗೆ ಇಳಿದರು. ನಾನು ಕಣ್ಣು ಮುಚ್ಚಿದೆ.

ತೆರೆದಾಗ ಮಾಸ್ತರರು ನಿಂತಿದ್ದರು! ಹಲಗೆ ನೀರೊಳಗೆ, ಮನುಷ್ಯ ನೀರ ಮೇಲೆ, ಕೈ ಅಟೆನ್ಶನ್ನಿನಲ್ಲಿ. ಹೆಂಗಸರು ಎತ್ತಿದ ಅರಿವೆಯನ್ನು ಕಲ್ಲಿಗೆ ಬಡಿಯುವುದೇ ಮರೆತರು.

ದಂಡೆಗೆ ಬಂದಾಗ ಹಲಗೆ ನೋಡಿ ಮತ್ತೊಮ್ಮೆ ಗಾಬರಿಯಾದೆ. ಹಾವು ಬಂದೀತೆಂದು ತೂತಿಗೆ ನಾನೇ ಬಡಿದ ತಗಡು ಅದರಲ್ಲಿತ್ತು.

“ಮಾಸ್ತರ್ರ, ಇದು ನಮ್ಮ ಬಚ್ಚಲ ಬಾಗಿಲ!”

“ನಮ್ಮ ಬಾಗಿಲ ಭಾಳ ವಜ್ಜಿ ಅದರಿ, ತೇಲಂಗಿಲ್ಲ. ನಿಮಗ ಹೇಳಿದ್ರ ಸುಮ್ನ ಚಿಂತಿ ಮಾಡ್ತಿದ್ರಿ.”

ಮನೆಗೆ ಬಂದರೆ, ಬಾಗಿಲಿಲ್ಲದ ಬಚ್ಚಲ ಮುಂದೆ ನಮ್ಮ ಅತ್ತೆಯವರು ಮಡಿಲಲ್ಲಿ ಸೀರೆ ಇಟ್ಟುಕೊಂಡು ಕೂತಿದ್ದರು.

“ಅಳಿಯಂದ್ರ, ಕಾಸಿದ ನೀರ ತಣ್ಣಗಾತು.”

ಬಾಗಿಲು ತಲೆಮೇಲೆ ಹೊತ್ತು ನಿಂತ ಮಾಸ್ತರರು ಅದನ್ನು ಇಳಿಸಿ, ನೀರೊಲೆಗೆ ಬೆಂಕಿ ಹಚ್ಚಲು ಕೂತರು.