ಗುಹೆಯ ಬಾಗಿಲಲ್ಲಿ ವಿಭೂತಿ

ಭಾಲ್ಕಿಯಿಂದ ಬೀದರಿಗೆ ಹೊರಟ ಬಸ್ಸಿನಲ್ಲಿ ಫೋನಿನ ಆಟ ಆಡುತ್ತಿದ್ದೆ. ನನ್ನ ವೀರ ಘಟಸರ್ಪದ ಗುಹೆಯೆದುರು ನಿಂತಿದ್ದ. ವಾರದಿಂದ ಅಲ್ಲೇ ಸೋಲುತ್ತಿದ್ದೆ. ಒಳಹೋಗುವ ಮುನ್ನ ಅವನಿಗೆ ಬಲದ ಕಷಾಯ ಕುಡಿಸಬೇಕು. ಅದರ ಶಕ್ತಿ ಬೇಗ ಇಳಿಯುತ್ತದೆ, ಅದಕ್ಕೇ ಬಾಗಿಲಲ್ಲೇ ಕುಡಿಸಬೇಕು. ಇದನ್ನೆಲ್ಲ ಪಕ್ಕದಲ್ಲಿ ಕುಳಿತಿದ್ದ, ಮೆಹಕರ ಎಂಬ ಹಳ್ಳಿಯ ಅಪರಿಚಿತ ಅವ್ವನಿಗೂ ವಿವರಿಸಿದೆ. ಊರ ಬಾವಿಗಳು ಬತ್ತಿದ್ದರಿಂದ ಅವರು ಹೈದರಾಬಾದಿಗೆ ಕೂಲಿಗೆ ಹೊರಟಿದ್ದರು.

“ಲಡಾಯಿಗಿ ಖಾಲಿ ಹಣಿಲೆ ಕಳಸ್ತೀರೇನ್ರಿ?” ಎಂದವರೇ ಚೀಲದಿಂದ ವಿಭೂತಿ ತೆಗೆದು ವೀರನ ಹಣೆಗೆ ಒತ್ತಿದರು. ಒತ್ತಿದ್ದು ಪರದೆಯನ್ನಲ್ಲವೇ? ಕಷಾಯ ಕುಡಿಯದೆಯೇ ಅವನು ಒಳಗೆ ನುಗ್ಗಿ, ಒಂದೇ ಏಟಿಗೆ ಸತ್ತ.

“ಅಯ್ಯ, ನನ್ನ ಕೈಲೇ ಸತ್ನಲ್ರಿ ಪಾಪ!” ಅವರ ಕಣ್ಣು ತುಂಬಿತು.

“ಮತ್ತ ಏಳ್ತಾನ್ರಿ ಅವ್ವಾ.”

“ಹಂಗಾರ ಹಿಡೀರಿ, ಇನ್ನೊಮ್ಮಿ ಹಚ್ತೇನಿ.”

ಈ ಸಲ ಮೊದಲು ಕಷಾಯ ಕುಡಿಸಿ, ಆಮೇಲೆ ಅವರ ಮುಂದೆ ಫೋನ್ ಹಿಡಿದೆ. ಅವರು ವಿಭೂತಿ ಒತ್ತಿದರು, ವೀರ ಒಳಗೆ ನುಗ್ಗಿದ. ಘಟಸರ್ಪ ಸತ್ತಿತು. ಗೆಲುವು ಯಾವುದರಿಂದ ಬಂತೆಂದು ವಿವರಿಸಲು ಮಾತ್ರ ನಾನು ಹೋಗಲಿಲ್ಲ.